ಡಿವಿಜಿ ಪತ್ರಿಕಾವೃತ್ತಿ: ಆಸ್ತಿ ಮತ್ತು ಸಾಲ

ಕೋಲಾರ ಜಿಲ್ಲೆಯ ಯಾವುದೇ ಪತ್ರಿಕಾ ದಿನಾಚರಣೆಗೆ ಹೋದರೂ ವೇದಿಕೆಯ ಮೇಲೆ ಡಿ.ವಿ.ಗುಂಡಪ್ಪನವರ ಫೋಟೊ ಇರುತ್ತದೆ, ಭಾಷಣದಲ್ಲಿ ಅವರ ‘ಮಂಕುತಿಮ್ಮನ ಕಗ್ಗ’ ಬರುತ್ತದೆ. ಪತ್ರಕರ್ತ ಡಿವಿಜಿಗೆ ಮಾತ್ರ ಅಲ್ಲಿ ಜಾಗವಿರುವುದಿಲ್ಲ. ಕಗ್ಗ ಪ್ರಕಟವಾದದ್ದು 1943ರಲ್ಲಿ. ಅದಕ್ಕೂ ಮೂರು ದಶಕಗಳಿಗೆ ಹಿಂದೆಯೇ ಅವರು ಸಂಪಾದಕರೆಂದು ಹೆಸರಾಗಿದ್ದರು.

1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಈ ಹುಡುಗನಿಗೆ ಮೆಟ್ರಿಕ್ ದಾಟಲಾಗಲಿಲ್ಲ. ಕೆಜಿಎಫ್‌ನ ಸೋಡಾ ಕಾರ್ಖಾನೆ, ಬೆಂಗಳೂರಿನಲ್ಲಿ ಜಟಕಾಗಾಡಿಗೆ ಬಣ್ಣ ಬಳಿಯುವ ಅಂಗಡಿ, ಆಮೇಲೆ ಪತ್ರಿಕೆ. ಕಾಲಿಟ್ಟ ಗಳಿಗೆಯೂ ಚೆನ್ನಾಗಿರಲಿಲ್ಲ. 1908ರಲ್ಲಿ ಮೈಸೂರು ಸರ್ಕಾರ ತಂದ ಪತ್ರಿಕಾ ಕಾನೂನಿನ ಪ್ರಕಾರ ಪತ್ರಿಕೆ ನಡೆಸಲು ಸರ್ಕಾರದ ಅಪ್ಪಣೆ ಬೇಕಿತ್ತು. ತಾತಯ್ಯ ಎಂದೇ ಹೆಸರಾದ ಎಂ.ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಇಂಥ ವಾತಾವರಣದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಡಿವಿಜಿ ವಾರಕ್ಕೆರಡು ಸಲ ಬರುವ ‘ದಿ ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ನಡೆಸಿದರು.

ಅವರ ವಿಧಾನವೇ ಅವರು ಬಿಟ್ಟುಹೋದ ನಿಜವಾದ ಆಸ್ತಿ ಎಂದು ನನ್ನ ಲೆಕ್ಕ. ಬೈಗುಳವೂ ಇಲ್ಲ, ಬಹುಪರಾಕೂ ಇಲ್ಲ. ಒಂದು ಮಸೂದೆ ಬಂದರೆ ಅದರ ಕಲಮು ಏನನ್ನುತ್ತದೆ, ಅಧಿಕಾರ ಯಾರ ಕೈಗೆ ಹೋಗುತ್ತದೆ, ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಬಿಡಿಸಿ ಹೇಳುವುದು. ದೇಶೀಯ ಸಂಸ್ಥಾನಗಳ ಪ್ರಜೆಗಳಿಗೆ ಭಾರತದ ಸಂವಿಧಾನದಲ್ಲಿ ಯಾವ ಸ್ಥಾನ ಎಂಬ ಪ್ರಶ್ನೆಯನ್ನು ಅವರು ವರ್ಷಗಟ್ಟಲೆ ಬಿಡದೆ ಬೆನ್ನಟ್ಟಿದ್ದು ಹೀಗೆ. 1928ರಲ್ಲಿ ಬಾಗಲಕೋಟೆಯ ಪತ್ರಕರ್ತರ ಸಮ್ಮೇಳನದ ಅಧ್ಯಕ್ಷರಾದರು, ಕಸುಬಿನ ಕುರಿತು ‘ವೃತ್ತಪತ್ರಿಕೆ’ ಎಂಬ ಪುಸ್ತಕವನ್ನೂ ಬರೆದರು. 1945ರಲ್ಲಿ ಹುಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ‘ಪಬ್ಲಿಕ್ ಅಫೇರ್ಸ್’ ಅದೇ ದಾರಿಯಲ್ಲಿ ನಡೆಯಿತು.

ಸಾಲದ ಬಾಬತ್ತು ಹಣದಿಂದ ಶುರುವಾಗುತ್ತದೆ. ಸರ್ಕಾರದಿಂದ ಬಂದ ಚೆಕ್ಕುಗಳನ್ನು ಡಿವಿಜಿ ನಗದು ಮಾಡಿಸದೆ ಪೆಟ್ಟಿಗೆಯಲ್ಲಿಟ್ಟಿದ್ದರು ಎಂಬ ಕತೆ ಎಲ್ಲರ ಬಾಯಲ್ಲೂ ಇದೆ. ಸನ್ಮಾನದಲ್ಲಿ ಬಂದ ಹಣವನ್ನು ಅವರು ಗೋಖಲೆ ಸಂಸ್ಥೆಗೇ ಕೊಟ್ಟರು. ದೊಡ್ಡ ಮನಸ್ಸು, ಸಂಶಯವಿಲ್ಲ. ಆದರೆ ಪತ್ರಿಕೆಯ ಸ್ವಾತಂತ್ರ್ಯವೆಲ್ಲ ಸಂಪಾದಕನೊಬ್ಬನ ವೈರಾಗ್ಯದ ಮೇಲೆಯೇ ನಿಂತರೆ, ವೈರಾಗ್ಯವಿಲ್ಲದ ಮುಂದಿನವನು ಏನು ಮಾಡಬೇಕು? ‘ದಿ ಕರ್ನಾಟಕ’ 1921ರ ಆಚೆಗೆ ಉಳಿಯಲಿಲ್ಲ.

ಹೋಲಿಕೆಗೆ ಅದೇ ಕಾಲದ ಇಟಲಿಯನ್ನು ನೋಡಿ. ಅಲ್ಲಿ ಲುಯಿಜಿ ಆಲ್ಬರ್ಟಿನಿ ಇದ್ದರು. 1900ರಿಂದ ಮಿಲಾನ್‌ನ ‘ಕೊರ‍್ರಿಯೆರೆ ದೆಲ್ಲಾ ಸೇರಾ’ವನ್ನು ಕಟ್ಟಿ ದೇಶದ ಮುಂಚೂಣಿ ಪತ್ರಿಕೆಯನ್ನಾಗಿ ಮಾಡಿದ ಉದಾರವಾದಿ. ದುಡ್ಡು, ಯಂತ್ರ, ಓದುಗರು, ಯಾವುದಕ್ಕೂ ಕೊರತೆಯಿರಲಿಲ್ಲ. ಮುಸೊಲಿನಿಯನ್ನು ವಿರೋಧಿಸಿದ ಮೇಲೆ 1925ರಲ್ಲಿ ಪತ್ರಿಕೆಯ ಹೆಚ್ಚಿನ ಪಾಲಿನ ಒಡೆಯರಾದ ಕ್ರೆಸ್ಪಿ ಕುಟುಂಬ ಅವರನ್ನು ಹೊರಗೆ ಕಳಿಸಿತು. ಡಿವಿಜಿಯನ್ನು ಹಾಗೆ ಕಳಿಸಲು ಒಡೆಯನೇ ಇರಲಿಲ್ಲ ಎಂದು ನಾವು ಹೆಮ್ಮೆಪಡಬಹುದು. ಆದರೆ ಆಲ್ಬರ್ಟಿನಿ ಹೋದ ಮೇಲೂ ಅಲ್ಲಿ ಪತ್ರಿಕೆಯೊಂದು ಉಳಿಯಿತು, ಮಾನ ಕಳೆದುಕೊಂಡಾದರೂ. ಇಲ್ಲಿ ಸಂಪಾದಕರು ಉಳಿದರು, ಪತ್ರಿಕೆ ಹೋಯಿತು.

ಇನ್ನೊಂದು ಸಾಲ ಇದಕ್ಕಿಂತ ಭಾರವಾದದ್ದು. ಈ ಪರಂಪರೆ ಮಾತಾಡಿದ್ದು ದಿವಾನರ ಜೊತೆ, ಶಾಸನಸಭೆಯ ಜೊತೆ, ಇಂಗ್ಲಿಷ್ ಓದಿದವರ ಜೊತೆ. ಮೈಸೂರಿನ ಸರ್ಕಾರಿ ಕಚೇರಿಗಳಲ್ಲಿ ಯಾವ ಜಾತಿಯವರಿದ್ದಾರೆ, ಯಾವ ಜಾತಿಯವರಿಲ್ಲ ಎಂಬ ಪ್ರಶ್ನೆಯನ್ನು 1918ರ ಮಿಲ್ಲರ್ ಸಮಿತಿ ಎತ್ತಿತು. ಪತ್ರಿಕಾ ಕಚೇರಿಗಳಿಗೂ ಅದು ಸಲ್ಲುವ ಪ್ರಶ್ನೆಯೇ. ಮಾಲೂರು ಸೀಮೆಯ ಮಾಸ್ತಿಯವರು 1944ರಿಂದ 1965ರವರೆಗೆ ‘ಜೀವನ’ ಮಾಸಪತ್ರಿಕೆ ನಡೆಸಿದಾಗಲೂ ದನಿ ಇದೇ: ಸೌಮ್ಯ, ಸಭ್ಯ, ಹಿರಿಯರದು. ಕೋಲಾರದ ಊರಾಚೆಯ ಕೇರಿಗಳ ಸುದ್ದಿ ಹೊರಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ, ದಲಿತ ಸಂಘರ್ಷ ಸಮಿತಿಯ ಕರಪತ್ರಗಳಲ್ಲಿ, ತಮಟೆಯ ಜೊತೆಗಿನ ಹಾಡುಗಳಲ್ಲಿ. ಆಗಿನ್ನೂ ಕೋಲಾರ ಜಿಲ್ಲೆಯಲ್ಲೇ ಇದ್ದ ಕಂಬಾಲಪಲ್ಲಿಯಲ್ಲಿ 2000ದಲ್ಲಿ ಏಳು ಮಂದಿ ದಲಿತರನ್ನು ಸುಟ್ಟುಹಾಕಿದರು. ಅಂಥ ಊರಿನಲ್ಲಿ ಏನು ಬೇಯುತ್ತಿದೆ ಎಂದು ಮುಂಚೆಯೇ ತಿಳಿಯುವ ಕಿವಿ ಈ ಸಭ್ಯ ಪತ್ರಿಕಾವೃತ್ತಿಗೆ ಬೆಳೆಯಲೇ ಇಲ್ಲ.

ಹಾಗೆಂದು ಡಿವಿಜಿಯನ್ನು ಪಕ್ಕಕ್ಕಿಡುವವರ ಜೊತೆ ನಾನಿಲ್ಲ. ಕೆ.ಸಿ. ವ್ಯಾಲಿ ಯೋಜನೆಯನ್ನೇ ನೋಡಿ. ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತ ಶುದ್ಧೀಕರಿಸಿ ದಿನಕ್ಕೆ 440 ದಶಲಕ್ಷ ಲೀಟರು ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಹಿಂದೆಯೇ ನೊರೆ ಬಂತು, ಹೈಕೋರ್ಟಿನ ತಡೆಯೂ ಬಂತು. ಪತ್ರಿಕೆಗಳಲ್ಲಿ ಒಂದು ದಿನ ಬಾಗಿನದ ಫೋಟೊ, ಇನ್ನೊಂದು ದಿನ ನೊರೆಯ ಫೋಟೊ. ಮೂರನೇ ಹಂತದ ಶುದ್ಧೀಕರಣ ಏಕಿಲ್ಲ, ನೀರಿನ ಪರೀಕ್ಷೆ ಯಾರದು, ಬೋರ್‌ವೆಲ್‌ಗೆ ಇಳಿದದ್ದೇನು ಎಂದು ವರದಿಯ ಸಾಲುಸಾಲು ಓದಿ ಬರೆಯುವುದು ಅಪ್ಪಟ ಡಿವಿಜಿ ಕೆಲಸ.

ಅದನ್ನು ಮಾಡಬೇಕಾದವನು ಶ್ರೀನಿವಾಸಪುರದಲ್ಲೋ ಮುಳಬಾಗಿಲಿನಲ್ಲೋ ಇರುವ ಅರೆಕಾಲಿಕ ವರದಿಗಾರ. ಬೆಳಿಗ್ಗೆ ಮಾವಿನ ಮಂಡಿಯ ದರ ಕೇಳಬೇಕು, ಮಧ್ಯಾಹ್ನ ತಾಲ್ಲೂಕು ಕಚೇರಿಯ ಮುಂದಿನ ಧರಣಿಯ ಫೋಟೊ ಕಳಿಸಬೇಕು, ಸಂಜೆ ಶಾಸಕರ ಹುಟ್ಟುಹಬ್ಬದ ಪುರವಣಿಗೆ ಜಾಹೀರಾತು ಹಿಡಿಯಬೇಕು. ಪೆಟ್ರೋಲಿಗೂ ಸಾಲದ ಗೌರವಧನ ಪಡೆಯುವ ಇವನಿಗೆ ವೇದಿಕೆಯ ಮೇಲಿನವರು ಚೆಕ್ಕಿನ ಕತೆ ಹೇಳುತ್ತಾರೆ. ಅವನಿಗೆ ತಿಂಗಳ ಸಂಬಳ ಕೊಟ್ಟು, ಆ ವರದಿಗಳನ್ನು ಓದಲು ಎರಡು ದಿನ ಬಿಡುವು ಕೊಡುವ ಪತ್ರಿಕೆ ಯಾವುದು ಎಂದು ಅದೇ ವೇದಿಕೆಯಲ್ಲಿ ಯಾರೂ ಕೇಳುವುದಿಲ್ಲ.