ಸ್ವಾರಸ್ಯಕ್ಕೆ ಎಷ್ಟು ಅಂಕ?

ನಮ್ಮ ಕನ್ನಡ ಪ್ರಶ್ನೆಪತ್ರಿಕೆಗಳಲ್ಲಿ ತಲೆಮಾರುಗಳಿಂದ ಉಳಿದು ಬಂದಿರುವ ಒಂದು ಪ್ರಶ್ನೆ: ಸಂದರ್ಭ ಸೂಚಿಸಿ, ಸ್ವಾರಸ್ಯ ವಿವರಿಸಿ. ಸಂದರ್ಭ ಪಠ್ಯದಲ್ಲೇ ಇದೆ, ಯಾರು ಬೇಕಾದರೂ ಹೇಳಬಹುದು. ಸ್ವಾರಸ್ಯ ಹಾಗಲ್ಲ. ‘ಸ್ವರಸ’ದಿಂದ ಬಂದ ಮಾತು ಅದು, ತನ್ನದೇ ಆದ ರುಚಿ. ಉಂಡವರೇ ಹೇಳಬೇಕು. ಆದರೆ ಉತ್ತರಪತ್ರಿಕೆಗಳಲ್ಲಿ ‘ಕವಿಯು ಇಲ್ಲಿ ಮನೋಜ್ಞವಾಗಿ ಚಿತ್ರಿಸಿದ್ದಾನೆ’ ಎಂಬ ಗೈಡಿನ ವಾಕ್ಯ ಒಂದೇ ಅಚ್ಚಿನಲ್ಲಿ ಸಾಲುಗಟ್ಟಿ ಬರುತ್ತದೆ. ಅದನ್ನು ಚೀಟಿಯಲ್ಲಿ ತಂದವನು ಸಿಕ್ಕಿಬಿದ್ದರೆ ಡಿಬಾರ್. ತಲೆಯಲ್ಲಿ ತಂದವಳಿಗೆ ಪೂರ್ತಿ ಅಂಕ. ಎರಡೂ ನಕಲೇ. ಒಂದಕ್ಕೆ ಶ್ರಮ ಹೆಚ್ಚು, ಅಷ್ಟೇ.

ಶೈಕ್ಷಣಿಕ ಪ್ರಾಮಾಣಿಕತೆಗಾಗಿ ಯುಜಿಸಿ 2018ರಲ್ಲಿ ಒಂದು ನಿಯಮಾವಳಿ ಹೊರಡಿಸಿತು. ಅದನ್ನು ಒಂದು ಕೃತಿಯ ಹಾಗೆ ಓದಬೇಕು. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40 ಆದರೆ ವಿದ್ಯಾರ್ಥಿ 6 ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಸತತ 14 ಪದಗಳವರೆಗಿನ ಹೋಲಿಕೆಯನ್ನು ಕಾಕತಾಳೀಯವೆಂದು ಬಿಡಬಹುದಂತೆ. ಇದು ಇಂಗ್ಲಿಷಿನ ಲೆಕ್ಕ. ವಿಭಕ್ತಿ, ಸಮಾಸಗಳನ್ನು ನುಂಗಿ ಕುಳಿತ ನಮ್ಮ ಪದಗಳಲ್ಲಾದರೆ ಅಷ್ಟರೊಳಗೆ ಒಂದು ಕಂದಪದ್ಯವೇ ಮುಗಿದುಹೋದೀತು!

ಇದಕ್ಕಿಂತ ಮುಖ್ಯವಾದದ್ದು ವ್ಯಾಖ್ಯೆಯ ಭಾಗದಲ್ಲಿದೆ. ಅಸೈನ್‌ಮೆಂಟು, ಪ್ರಾಜೆಕ್ಟ್ ವರದಿ, ಪ್ರಬಂಧ, ಉತ್ತರಪತ್ರಿಕೆ ಇವು ಈ ನಿಯಮದ ವ್ಯಾಪ್ತಿಗೇ ಬರುವುದಿಲ್ಲ. ಅಂದರೆ ಪದವಿ ವಿದ್ಯಾರ್ಥಿಯೊಬ್ಬ ಮೂರು ವರ್ಷ ಬರೆಯುವ ಬಹುಪಾಲು ಬರವಣಿಗೆ ಹೊರಗುಳಿಯಿತು. ಅಲ್ಲೆಲ್ಲ ಗೈಡಿನ ಮಾತನ್ನೇ ಬರೆದು ಅಂಕ ಪಡೆದು ಬೆಳೆದವರು ಸಂಶೋಧನೆಗೆ ಬಂದ ದಿನ, ಇದ್ದಕ್ಕಿದ್ದಂತೆ ಶೇಕಡಾವಾರು ಲೆಕ್ಕದಲ್ಲಿ ಪ್ರಾಮಾಣಿಕರಾಗಬೇಕು.

ನಮ್ಮ ಪರಂಪರೆಯಲ್ಲಿ ಎರವಲು ಅಪರಾಧವಾಗಿರಲಿಲ್ಲ ನಿಜ. ರನ್ನನ ‘ಗದಾಯುದ್ಧ’ ಪಂಪಭಾರತದ 13ನೆಯ ಆಶ್ವಾಸದ ಮೇಲೆ ನಿಂತಿದೆ. ಪಂಪನ ಮಾತಿನ ನೆರಳುಗಳನ್ನು ವಿದ್ವಾಂಸರು ಅದರಲ್ಲಿ ಗುರುತಿಸಿದ್ದಾರೆ. ಹೋಲಿಕೆ ಹುಡುಕುವ ತಂತ್ರಾಂಶಕ್ಕೆ ಕೊಟ್ಟರೆ ರನ್ನ ಎಷ್ಟನೇ ಹಂತದಲ್ಲಿ ಬೀಳುತ್ತಿದ್ದನೋ. ಆದರೆ ಪಂಪನನ್ನು ಓದಿ ರನ್ನ ಮರುಗಿದ್ದು ದುರ್ಯೋಧನನಿಗಾಗಿ, ಆ ಮರುಕ ಅವನದೇ. ಇದನ್ನು ಹಿಡಿದು ‘ಹಾಗಾದರೆ ಕದ್ದರೆ ತಪ್ಪಿಲ್ಲ’ ಎನ್ನುವ ಜಾಣರೂ ಇದ್ದಾರೆ. ಅವರು ಪಂಪನನ್ನೂ ಓದಿರುವುದಿಲ್ಲ, ರನ್ನನನ್ನೂ.

ಗೈಡು ಉರುಹೊಡೆಯುವ ಹುಡುಗನನ್ನು ಕಳ್ಳನೆನ್ನಲು ನನಗೆ ಮನಸ್ಸಿಲ್ಲ. ಅವನು ಪದ್ಯವನ್ನು ಓದದಿರಬಹುದು, ಪರೀಕ್ಷೆಯನ್ನು ಸರಿಯಾಗಿ ಓದಿಕೊಂಡಿದ್ದಾನೆ. ಆಯ್ಕೆಗೆ ಇಷ್ಟು, ಸಂದರ್ಭಕ್ಕೆ ಇಷ್ಟು, ಸ್ವಾರಸ್ಯಕ್ಕೆ ಇಷ್ಟು ಎಂದು ಅಂಕ ಹಂಚಿಟ್ಟ ಮೇಲೆ, ಕಂತೆಗಟ್ಟಲೆ ಪತ್ರಿಕೆ ಮುಗಿಸಬೇಕಾದ ಮೌಲ್ಯಮಾಪಕರ ಕಣ್ಣು ಪರಿಚಿತ ವಾಕ್ಯವನ್ನೇ ಹುಡುಕುತ್ತದೆ. ತೊದಲುತ್ತಾ ಸ್ವಂತ ಮಾತು ಬರೆದವಳಿಗೆ ಅಲ್ಲಿ ನಷ್ಟವೇ. ಈಗ ಅಸೈನ್‌ಮೆಂಟನ್ನು ಚಾಟ್‌ಜಿಪಿಟಿ ಬರೆದುಕೊಡುತ್ತದೆ. ಅದರ ‘ಮನೋಜ್ಞ’ವೂ ಗೈಡಿನ ‘ಮನೋಜ್ಞ’ವೂ ಒಂದೇ ಥರ ಕೇಳುವುದರಿಂದ, ಯಂತ್ರ ಬಂದದ್ದು ಎಷ್ಟೋ ಕಡೆ ಗೊತ್ತೇ ಆಗಿಲ್ಲ.

ಸ್ಕ್ವಾಡು, ಸಿಸಿಟಿವಿ ಇರಲಿ. ಪ್ರಶ್ನೆಯನ್ನು ಬದಲಿಸಿ ನೋಡಬಹುದು. ಗದಾಯುದ್ಧದ ಆ ಭಾಗವನ್ನು ಮೇಜಿನ ಮೇಲೆ ತೆರೆದಿಡಲು ಬಿಟ್ಟೇ ಕೇಳಲಿ: ಹೆಣಗಳ ನಡುವೆ ನಡೆಯುವ ದುರ್ಯೋಧನ ಶತ್ರುವಿನ ಮಗ ಅಭಿಮನ್ಯುವನ್ನು ಹೊಗಳುತ್ತಾನೆ, ಆಮೇಲೆ ಸ್ವಂತ ಮಗ ಲಕ್ಷಣಕುಮಾರನ ಮುಂದೆ ನಿಲ್ಲುತ್ತಾನೆ. ಎರಡು ಕಡೆಯೂ ಅವನ ದನಿ ನಿಮಗೆ ಒಂದೇ ಥರ ಕೇಳಿಸಿತೇ? ಯಾವ ಮಾತಿನಿಂದ?