‘ರಿಸಲ್ಟ್’ ಎಂಬ ಮಾತು



ಬಂಗಾರಪೇಟೆಯ ರೈಲುನಿಲ್ದಾಣದಲ್ಲಿ ಬೆಂಗಳೂರಿನ ಗಾಡಿಗಾಗಿ ಅರ್ಧ ಗಂಟೆ ಕಾದು ನಿಲ್ಲಿರಿ. ‘ರಿಸಲ್ಟ್’ ಎಂಬ ಶಬ್ದ ನಾಲ್ಕಾರು ಬಾರಿಯಾದರೂ ಕಿವಿಗೆ ಬೀಳುವುದು. ವಿದ್ಯಾರ್ಥಿಗೆ ಪರೀಕ್ಷೆಯ ರಿಸಲ್ಟ್, ರೋಗಿಗೆ ರಕ್ತಪರೀಕ್ಷೆಯ ರಿಸಲ್ಟ್, ಟೊಮ್ಯಾಟೊ ಬೆಳೆಗಾರನಿಗೆ ಹೊಸ ಔಷಧಿಯ ರಿಸಲ್ಟ್. ಆಂಗ್ಲ ಶಬ್ದವೆಂಬ ಕಾರಣಕ್ಕೆ ನನ್ನ ಆಕ್ಷೇಪವಿಲ್ಲ. ಆಂಗ್ಲ ಅಧಿಕಾರಿ ಬೌರಿಂಗನ ಹೆಸರು ಹೊತ್ತ ಬೌರಿಂಗ್‌ಪೇಟೆಯನ್ನೇ ಬಂಗಾರಪೇಟೆಯಾಗಿಸಿಕೊಂಡ ನಾಲಗೆ ನಮ್ಮದು! ಆದರೆ ಈ ಒಂದು ಶಬ್ದ ನಮ್ಮ ಮೂರು ಶಬ್ದಗಳ ಸ್ಥಾನವನ್ನು ಆಕ್ರಮಿಸಿದೆ. ನನ್ನ ದೂರು ಅಷ್ಟಕ್ಕೆ.

ಆ ಮೂರು ಶಬ್ದಗಳು ಫಲ, ಫಲಿತಾಂಶ, ಪರಿಣಾಮ. ‘ಫಲ’ವೆಂದರೆ ಬಯಸಿ ಬೆಳೆದದ್ದು, ಕೈಗೆ ಬಂದ ಹಣ್ಣು. ‘ಪರಿಣಾಮ’ವೆಂದರೆ ಮಾರ್ಪಾಡು, ಪಕ್ವವಾಗುವಿಕೆ, ಬಯಸಲಿ ಬಯಸದಿರಲಿ, ಬಂದೇ ಬರುವಂಥದು. ಶರಣರ ನುಡಿಯಲ್ಲಿ ಅದಕ್ಕೆ ತೃಪ್ತಿ, ನೆಮ್ಮದಿ ಎಂಬ ಅರ್ಥವೂ ಇದ್ದುದನ್ನು ತಾವು ಬಲ್ಲಿರಿ. ಆ ಅರ್ಥ ಈಗ ಬಹುಮಟ್ಟಿಗೆ ಮರೆಯಾಗಿದೆ. ‘ಫಲಿತಾಂಶ’ವನ್ನು ಬಿಡಿಸಿ ನೋಡಿರಿ: ಫಲಿತವಾದ ಅಂಶ. ಎಲ್ಲವೂ ಅಲ್ಲ, ಒಂದು ಅಂಶ ಮಾತ್ರ. ಆಂಗ್ಲ ಶಬ್ದದಲ್ಲಿ ಈ ವಿನಯವಿಲ್ಲ. ಅದರ ಲ್ಯಾಟಿನ್ ಮೂಲಕ್ಕೆ ‘ಹಿಂದಕ್ಕೆ ಪುಟಿ’ ಎಂದು ಅರ್ಥ, ಗೋಡೆಗೆಸೆದ ಚೆಂಡು ಪುಟಿದಂತೆ.

ಈ ಭೇದವನ್ನು ಕಣ್ಣಾರೆ ಕಾಣಬೇಕಾದರೆ ಬಂಗಾರಪೇಟೆಯಿಂದ ಕೋಲಾರ ಚಿನ್ನದ ಗಣಿಗೆ ಹೋಗಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು. ಬಂಡೆಯನ್ನು ಪುಡಿಮಾಡಿ ಚಿನ್ನ ತೆಗೆದರು. ಗಣಿ ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕಿಳಿಯಿತು. ಒಂದು ಟನ್ ಅದಿರಿಗೆ ಆರಂಭದಲ್ಲಿ ಹತ್ತಾರು ಗ್ರಾಂ ಸಿಗುತ್ತಿದ್ದ ಚಿನ್ನ ಕೊನೆಗೆ ಕೆಲವೇ ಗ್ರಾಂಗಳಿಗಿಳಿದು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸುಮಾರು 120 ವರ್ಷಗಳಲ್ಲಿ ದೊರೆತ ಚಿನ್ನ ಸುಮಾರು 800 ಟನ್. ಇದು ಫಲಿತಾಂಶ. ಊರ ನಡುವೆ ಉಳಿದ ಸೈನೈಡ್ ಗುಡ್ಡಗಳು ಸುಮಾರು 3 ಕೋಟಿ 30 ಲಕ್ಷ ಟನ್. ಗಾಳಿಯೆದ್ದಾಗ ಮನೆಗಳೊಳಕ್ಕೆ ನುಗ್ಗುವ ಆ ಗುಡ್ಡಗಳ ಧೂಳು, ಕಲ್ಲಿನ ಧೂಳು ಕುಡಿದ ಕಾರ್ಮಿಕರ ಶ್ವಾಸಕೋಶದ ಸಿಲಿಕೋಸಿಸ್ – ಇವು ಪರಿಣಾಮ. ಎರಡನ್ನೂ ‘ರಿಸಲ್ಟ್’ ಎಂದು ಕರೆದರೆ ಲೆಕ್ಕದಲ್ಲಿ ಮೊದಲನೆಯದಷ್ಟೇ ನಿಲ್ಲುತ್ತದೆ. ಲಂಡನ್ನಿನ ಷೇರುದಾರನಿಗೆ ಅಷ್ಟು ಸಾಕಾಗಿತ್ತು. ಆ ಗುಡ್ಡಗಳಲ್ಲಿಯೂ ಚಿನ್ನದ ಅಂಶವಿದೆಯೆಂದು 13 ಗುಡ್ಡಗಳನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾಪಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಕಸವೆಂದು ಬಿಟ್ಟುದು ಮತ್ತೊಮ್ಮೆ ಲೆಕ್ಕಕ್ಕೆ ಬಂದಿತು.

ಬರೆಯುವವರ ತಪ್ಪೂ ಇದೆ. ‘ಅಪಘಾತದ ಫಲವಾಗಿ ಇಬ್ಬರು ಮೃತಪಟ್ಟರು’ ಎಂದು ಬರೆಯುತ್ತಾರೆ. ಸಾವು ಯಾರು ಬಿತ್ತಿ ಬೆಳೆದ ಹಣ್ಣು? ಆಂಗ್ಲ ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಕನ್ನಡ ಬರೆದಾಗ ಹೀಗಾಗುತ್ತದೆ. ‘ಅಪಘಾತದಲ್ಲಿ ಇಬ್ಬರು ಮೃತಪಟ್ಟರು’ ಎಂದರೆ ಏನು ಕೊರತೆ?

ಮಠದ ಪ್ರಸಾದನಿಲಯಗಳಲ್ಲಿ ಓದಿದ ಹಿರಿಯರಿಗೆ ಇನ್ನೊಂದು ನೆನಪು ಇರಬೇಕು. ಎಸ್‌.ಎಸ್‌.ಎಲ್‌.ಸಿ. ‘ರಿಸಲ್ಟ್’ ಬಂದ ಮುಂಜಾನೆ ಪತ್ರಿಕೆಯ ಸಣ್ಣ ಅಕ್ಷರಗಳ ಸಾಲಿನಲ್ಲಿ ಬೆರಳಿಟ್ಟು ನಮ್ಮ ಸಂಖ್ಯೆ ಹುಡುಕುತ್ತಿದ್ದೆವು. ಸಂಖ್ಯೆ ಕಾಣದ ಹುಡುಗ ಅಂದು ಪ್ರಸಾದಕ್ಕೆ ಪಂಕ್ತಿಯಲ್ಲಿ ಕೂಡುತ್ತಿರಲಿಲ್ಲ. ಹತ್ತು ವರ್ಷ ಓದಿದ್ದು, ಬೆಳಗಿನ ಜಾವ ಎದ್ದು ಅಂಗಳ ಗುಡಿಸಿದ್ದು, ಕಿರಿಯರಿಗೆ ಲೆಕ್ಕ ಹೇಳಿಕೊಟ್ಟದ್ದು, ಯಾವುದಕ್ಕೂ ಆ ಪುಟದಲ್ಲಿ ಸ್ಥಳವಿರಲಿಲ್ಲ. ಈಗ ಪತ್ರಿಕೆಗೆ ಬದಲು ಮೊಬೈಲು. ಹುಡುಗನ ಮುಖ ಅದೇ.

ಶಾಲೆ ನಡೆಸುವ ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಬಿನ್ನಹ. ‘ನೂರಕ್ಕೆ ನೂರು ರಿಸಲ್ಟ್’ ಎಂಬ ಬಟ್ಟೆಯನ್ನು ಬಾಗಿಲಿಗೆ ಕಟ್ಟಿಸುವಾಗ ‘ಫಲಿತಾಂಶ’ವೆಂದೇ ಬರೆಯಿಸಿರಿ. ಬರೆಯುವವನು ‘ಅಂಶ’ವನ್ನು ಬಿಡದಂತೆ ಹತ್ತಿರ ನಿಂತು ನೋಡಿಕೊಳ್ಳಿರಿ.