ತವರಿನಿಂದ ಬಂದ ಅತಿಥಿಗಳು: ಅಮೆರಿಕದ ಸಿಟ್‌ಕಾಮ್‌ಗಳ ಕ್ರಾಸ್‌ಓವರ್ ಪರಂಪರೆ

ಒಂದು ಟಿವಿ ಸರಣಿಯ ಪಾತ್ರ ಅದೇ ಹೆಸರು, ಅದೇ ಸ್ವಭಾವ, ಅದೇ ಹಿನ್ನೆಲೆ ಹೊತ್ತು ಮತ್ತೊಂದು ಸರಣಿಯ ಕಥೆಯೊಳಗೆ ಕಾಣಿಸಿಕೊಳ್ಳುವ ಸಂಚಿಕೆಯನ್ನು ಕ್ರಾಸ್‌ಓವರ್ ಎನ್ನುತ್ತಾರೆ. ಜನಪ್ರಿಯ ಸರಣಿಯೊಂದರ ಪಾತ್ರವನ್ನೋ ಪರಿಸರವನ್ನೋ ಬೇರ್ಪಡಿಸಿ ಕಟ್ಟಿದ ಹೊಸ ಸರಣಿ ಸ್ಪಿನ್-ಆಫ್. ಕನ್ನಡ ವಾಹಿನಿಗಳ ‘ಮಹಾಸಂಗಮ’ದಲ್ಲಿ ಸಾಮಾನ್ಯವಾಗಿ ಸಂಬಂಧವೇ ಇಲ್ಲದ ಎರಡು ಧಾರಾವಾಹಿಗಳು ಕೆಲವು ದಿನ ಒಂದೇ ಕಥೆಯಲ್ಲಿ ಸೇರುತ್ತವೆ. ಅಮೆರಿಕದ ಸಿಟ್‌ಕಾಮ್‌ಗಳಲ್ಲಿ, ಅಂದರೆ ಹಾಸ್ಯ ಸರಣಿಗಳಲ್ಲಿ, ಈ ಪದ್ಧತಿಯ ತಿರುಳಿರುವುದು ಮೂಲ ಸರಣಿಗೂ ಅದರ ಕವಲಿಗೂ ನಡುವಿನ ಭೇಟಿಯಲ್ಲಿ. ಮದುವೆಯಾಗಿ ಹೋದ ಮಗಳ ಮನೆಗೆ ತವರಿನವರು ಬಂದಾಗ ಆ ಸಂಸಾರದ ನಿಜಸ್ಥಿತಿ ಬಯಲಾಗುವಂತೆ, ಹಳೆಯ ಪಾತ್ರ ಬಂದುಹೋಗುವ ಸಂಚಿಕೆಯಲ್ಲಿ ಕವಲು ಸರಣಿ ಸ್ವಂತ ಕಾಲ ಮೇಲೆ ನಿಂತಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ಈ ಪರಂಪರೆಯನ್ನು ಅಳೆಯಬೇಕಾದದ್ದು ಈ ಕೋಲಿನಿಂದಲೇ. ಎರಡು ಸರಣಿಗಳ ವಿವರಗಳು ತಾಳೆಯಾಗುತ್ತವೆಯೇ ಎಂದು ಹುಡುಕುವುದು ಅಭಿಮಾನಿಗಳಿಗೆ ಪ್ರಿಯವಾದರೂ ವಿಮರ್ಶೆಗೆ ಅದರಿಂದ ಸಿಗುವುದು ಕಡಿಮೆ.

ಕ್ರಾಸ್‌ಓವರ್ ಹುಟ್ಟಿದ್ದು ವ್ಯಾಪಾರದ ಅಗತ್ಯದಿಂದ. ನೀಲ್ಸನ್ ಸಂಸ್ಥೆ ಫೆಬ್ರವರಿ, ಮೇ, ಜುಲೈ ಮತ್ತು ನವೆಂಬರ್ ತಿಂಗಳುಗಳಲ್ಲಿ ದೇಶದಾದ್ಯಂತ ವೀಕ್ಷಕರ ಲೆಕ್ಕ ತೆಗೆಯುತ್ತಿತ್ತು. ಸ್ಥಳೀಯ ಕೇಂದ್ರಗಳು ಅದನ್ನು ಆಧರಿಸಿ ಜಾಹೀರಾತಿನ ದರ ನಿಗದಿ ಮಾಡುತ್ತಿದ್ದವು. ಹೆಸರಾಂತ ಕ್ರಾಸ್‌ಓವರ್‌ಗಳಲ್ಲಿ ಹಲವು ಫೆಬ್ರವರಿ ಇಲ್ಲವೇ ನವೆಂಬರ್‌ನಲ್ಲಿ ಪ್ರಸಾರವಾದದ್ದಕ್ಕೆ ಇದೇ ಕಾರಣ. ಹಳೆಯ ಸರಣಿಯ ವೀಕ್ಷಕರನ್ನು ಹೊಸ ಸರಣಿಗೆ ದಾಟಿಸುವುದು ಇನ್ನೊಂದು ಉದ್ದೇಶ. ಇದಕ್ಕಾಗಿ ರೂಢಿಗೆ ಬಂದ ಉಪಾಯವೆಂದರೆ, ಮುಂದೆ ಬರಲಿರುವ ಸರಣಿಯ ಮಾದರಿಯನ್ನು ಈಗಾಗಲೇ ಓಡುತ್ತಿರುವ ಸರಣಿಯ ಒಂದು ಸಂಚಿಕೆಯಾಗಿ ತೋರಿಸಿ ಪ್ರತಿಕ್ರಿಯೆ ನೋಡುವುದು. 1960ರ ಫೆಬ್ರವರಿ 15ರಂದು ‘ದಿ ಡ್ಯಾನಿ ಥಾಮಸ್ ಶೋ’ದ ನಾಯಕ ಸಂಚಾರ ನಿಯಮ ಮೀರಿ ಮೇಬೆರಿ ಎಂಬ ಸಣ್ಣ ಊರಿನ ಶೆರಿಫನ ಕೈಗೆ ಸಿಕ್ಕಿಬೀಳುತ್ತಾನೆ. ಆ ಶೆರಿಫ್ ಅಕ್ಟೋಬರ್‌ನಲ್ಲಿ ‘ದಿ ಆಂಡಿ ಗ್ರಿಫಿತ್ ಶೋ’ದ ನಾಯಕನಾದ.

ಈ ವ್ಯಾಪಾರಿ ಉಪಾಯಕ್ಕೆ ಕಲೆಯಾಗುವ ಅವಕಾಶ ದೊರೆತದ್ದು ಸಿಟ್‌ಕಾಮ್‌ನ ಸ್ವರೂಪದಿಂದ. ಹಳೆಯ ಸಿಟ್‌ಕಾಮ್ ಮರೆವಿನ ಮೇಲೆ ನಿಂತ ಪ್ರಕಾರ. ಪ್ರತಿ ವಾರ ಒಂದು ಗೊಂದಲ ಎದ್ದು, ಅರ್ಧ ಗಂಟೆಯೊಳಗೆ ಬಗೆಹರಿದು, ಎಲ್ಲರೂ ಮೊದಲಿದ್ದ ಜಾಗಕ್ಕೇ ಮರಳುತ್ತಾರೆ. ಸಂಚಿಕೆಗಳನ್ನು ಯಾವ ಕ್ರಮದಲ್ಲಾದರೂ ಮರುಪ್ರಸಾರ ಮಾಡಲು ಸಾಧ್ಯವಾಗಬೇಕೆಂಬುದೂ ಇದಕ್ಕೊಂದು ಕಾರಣ. ಇಂಥ ಪ್ರಕಾರದಲ್ಲಿ ಮೂಲ ಸರಣಿಯ ಪಾತ್ರ ಕವಲು ಸರಣಿಯ ಬಾಗಿಲು ತಟ್ಟಿದರೆ, ಕಾಲ ಸರಿದಿದೆ, ಕೆಲವರು ಊರು ಬಿಟ್ಟಿದ್ದಾರೆ, ಕೆಲವು ಮಾತು ಬಾಕಿ ಉಳಿದಿವೆ ಎಂದು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಮೊದಲ ತಲೆಮಾರು ಈ ಅವಕಾಶವನ್ನು ಬಳಸಿಕೊಳ್ಳಲಿಲ್ಲ. ಸೇರುವ ಸಂಭ್ರಮವೇ ಅದಕ್ಕೆ ಸಾಕಾಗಿತ್ತು. 1958ರ ಡಿಸೆಂಬರ್‌ನಲ್ಲಿ ಲೂಸಿಲ್ ಬಾಲ್ ಅವರ ಲೂಸಿಯ ಮನೆಗೆ ಡ್ಯಾನಿ ಥಾಮಸ್ ಸರಣಿಯ ಕುಟುಂಬ ಬಂತು; ಮರುತಿಂಗಳು ಲೂಸಿಯೇ ಆ ಸರಣಿಗೆ ಹೋದಳು. ಪಾಲ್ ಹೆನ್ನಿಂಗ್ ಸಿಬಿಎಸ್ ವಾಹಿನಿಗಾಗಿ ರೂಪಿಸಿದ ‘ದಿ ಬೆವರ್ಲಿ ಹಿಲ್‌ಬಿಲ್ಲೀಸ್’ (1962) ಮತ್ತು ‘ಪೆಟಿಕೋಟ್ ಜಂಕ್ಷನ್’ (1963), ಆಮೇಲೆ ಅವರದೇ ನಿರ್ಮಾಣದಲ್ಲಿ ಬಂದ ‘ಗ್ರೀನ್ ಏಕರ್ಸ್’ (1965) ಒಂದೇ ಹಳ್ಳಿಗಾಡಿನ ಲೋಕಕ್ಕೆ ಸೇರಿದವು. ಹೂಟರ್‌ವಿಲ್ ಎಂಬ ಊರು ಕೊನೆಯ ಎರಡಕ್ಕೂ ಸಮಾನ. ಅಂಗಡಿಯ ಸ್ಯಾಮ್ ಡ್ರಕರ್‌ನ ಪಾತ್ರದಲ್ಲಿ ಫ್ರಾಂಕ್ ಕೇಡಿ ಮೂರರಲ್ಲೂ ಕಾಣಿಸಿಕೊಂಡರು. 1968ರಲ್ಲಿ ಹಿಲ್‌ಬಿಲ್ಲಿಗಳ ಅಜ್ಜಿ ಎಳೆಕೂಸನ್ನು ನೋಡಿಕೊಳ್ಳಲು ಹೂಟರ್‌ವಿಲ್‌ಗೆ ಬಂದಳು. ಆದರೆ ಈ ಲೋಕಕ್ಕೆ ಲೆಕ್ಕಪತ್ರದ ಗೊಡವೆ ಇರಲಿಲ್ಲ. ‘ಹಿಲ್‌ಬಿಲ್ಲೀಸ್’ನಲ್ಲಿ ಪರ್ಲ್ ಆಗಿದ್ದ ಬೀ ಬೆನಡರೆಟ್ ‘ಪೆಟಿಕೋಟ್ ಜಂಕ್ಷನ್’ನಲ್ಲಿ ಕೇಟ್ ಎಂಬ ಬೇರೆಯೇ ಹೆಂಗಸು. ‘ಗ್ರೀನ್ ಏಕರ್ಸ್’ನ ಒಂದು ಸಂಚಿಕೆಯಲ್ಲಂತೂ ಊರಿನವರು ‘ಬೆವರ್ಲಿ ಹಿಲ್‌ಬಿಲ್ಲೀಸ್’ ಎಂಬ ಟಿವಿ ಕಾರ್ಯಕ್ರಮವನ್ನೇ ನಾಟಕವಾಗಿ ಆಡುತ್ತಾರೆ. ಒಂದು ಕಡೆ ನೆರೆಹೊರೆಯವರು, ಇನ್ನೊಂದು ಕಡೆ ಕಾಲ್ಪನಿಕ ಪಾತ್ರಗಳು! ಈ ವಿರೋಧದಿಂದ ಯಾವ ಸರಣಿಯೂ ಕೆಡಲಿಲ್ಲ. ಆದರೆ ಅಜ್ಜಿ ಬಂದದ್ದರಿಂದ ಹೂಟರ್‌ವಿಲ್‌ನ ಯಾರ ಬದುಕೂ ಬದಲಾಗಲಿಲ್ಲ ಎಂಬುದೇ ಇಲ್ಲಿನ ಮಿತಿ.

1970ರ ದಶಕದಲ್ಲಿ ನಿರ್ಮಾಪಕ ನಾರ್ಮನ್ ಲಿಯರ್ ಕವಲೊಡೆಯುವುದಕ್ಕೆ ವೈಚಾರಿಕ ಕಾರಣವೊಂದನ್ನು ಒದಗಿಸಿದರು. ‘ಆಲ್ ಇನ್ ದ ಫ್ಯಾಮಿಲಿ’ (1971) ಪೂರ್ವಗ್ರಹಗಳ ಮೂಟೆಯಾದ ಆರ್ಚಿ ಬಂಕರ್‌ನ ಮನೆಯ ಕಥೆ. 1971ರ ಡಿಸೆಂಬರ್‌ನಲ್ಲಿ, ಮನೆಮಂದಿಯೆಲ್ಲ ಫ್ಲೂ ಹಿಡಿದು ಮಲಗಿರುವಾಗ ಆರೈಕೆಗೆಂದು ಅವನ ಹೆಂಡತಿ ಈಡಿತ್‌ಳ ಸೋದರಸಂಬಂಧಿ ಮಾಡ್ ಬರುತ್ತಾಳೆ. ಬಿಯಾ ಆರ್ಥರ್ ಅಭಿನಯಿಸಿದ ಈ ಹೆಂಗಸು ಉದಾರವಾದಿ, ದನಿ ಎತ್ತರ, ಮಾತಿನಲ್ಲಿ ಆರ್ಚಿಗೆ ಸರಿಜೋಡಿ. ಆಕೆಯ ಹೆಸರಿನ ಸರಣಿ 1972ರಲ್ಲಿ ಶುರುವಾಯಿತು. ಅಲ್ಲಿನ ಮನೆಗೆಲಸದ ಫ್ಲಾರಿಡಾ 1974ರಲ್ಲಿ ‘ಗುಡ್ ಟೈಮ್ಸ್’ನ ನಾಯಕಿಯಾದಳು. ನ್ಯೂಯಾರ್ಕ್ ರಾಜ್ಯದಲ್ಲಿದ್ದ ಕುಟುಂಬ ಷಿಕಾಗೋದ ಸರ್ಕಾರಿ ವಸತಿ ಸಮುಚ್ಚಯದಲ್ಲಿ ನೆಲೆಸಿತು. ಗಂಡನ ಹೆಸರು ಹೆನ್ರಿಯಿಂದ ಜೇಮ್ಸ್ ಆಯಿತು. ಮಾಡ್‌ಳ ಸುದ್ದಿ ಬರಲೇ ಇಲ್ಲ. ಲೆಕ್ಕ ಹಿಡಿಯುವವರಿಗೆ ಇದು ದೋಷ. ಆದರೆ ಬಿಳಿಯ ಯಜಮಾನಿ ಆಗಾಗ ಬಂದುಹೋಗುತ್ತಿದ್ದರೆ, ಬಡ ಕಪ್ಪು ಕುಟುಂಬವೊಂದು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ಸರಣಿಯಾಗಿ ಅದು ಉಳಿಯುತ್ತಿರಲಿಲ್ಲ. ಕೆಲವೊಮ್ಮೆ ಅತಿಥಿಯನ್ನು ಕರೆಯದಿರುವುದೂ ಸರಿಯಾದ ನಿರ್ಧಾರವೆಂಬುದಕ್ಕೆ ‘ಗುಡ್ ಟೈಮ್ಸ್’ ಮೊದಲ ಸಾಕ್ಷಿ.

ಆರ್ಚಿಯ ಪಕ್ಕದ ಮನೆಯ ಜೆಫರ್‌ಸನ್ ಕುಟುಂಬದ ನಿರ್ಗಮನ ಬೇರೆ ಬಗೆಯದು. 1975ರ ಜನವರಿ 11ರ ಸಂಚಿಕೆಯಲ್ಲಿ ಅವರು ಮ್ಯಾನ್‌ಹಟ್ಟನ್‌ಗೆ ಹೊರಡುತ್ತಾರೆ. ವಾರದ ಬಳಿಕ ‘ದಿ ಜೆಫರ್‌ಸನ್ಸ್’ ಆರಂಭವಾಗುತ್ತದೆ. ಡ್ರೈಕ್ಲೀನಿಂಗ್ ಉದ್ಯಮದಲ್ಲಿ ಗೆದ್ದ ಕಪ್ಪು ವ್ಯಾಪಾರಿ ಆರ್ಚಿಯ ಬೀದಿಯನ್ನು ಬಿಟ್ಟು ಮೇಲೇರುವುದು ಸರಣಿಯ ಆಶಯವೂ ಹೌದು, ಕವಲೊಡೆಯುವ ಕಾರಣವೂ ಹೌದು. ಖಾಲಿಯಾದ ಮನೆಗೆ ಆರ್ಚಿಯ ಮಗಳು ಮತ್ತು ಅಳಿಯ ಬಂದು ಸೇರಿದರು. ಹೀಗೆ ಹೋದವರ ಗುರುತು ಮೂಲ ಸರಣಿಯ ಬೀದಿಯಲ್ಲೇ ಉಳಿಯಿತು. ‘ದಿ ಜೆಫರ್‌ಸನ್ಸ್’ 1985ರವರೆಗೆ 253 ಸಂಚಿಕೆ ಓಡಿ ಮೂಲ ಸರಣಿಯನ್ನೇ ಹಿಂದಿಕ್ಕಿತು.

ಅದೇ ಕಾಲದಲ್ಲಿ ಎಂಟಿಎಂ ನಿರ್ಮಾಣ ಸಂಸ್ಥೆ ಭಾವದ ಕಡೆಗೆ ವಾಲಿತು. ‘ದಿ ಮೇರಿ ಟೈಲರ್ ಮೂರ್ ಶೋ’ದ ಗೆಳತಿ ರೋಡಾ 1974ರ ಸೆಪ್ಟೆಂಬರ್‌ನಲ್ಲಿ ಮಿನಿಯಾಪೊಲಿಸ್ ಬಿಟ್ಟು ನ್ಯೂಯಾರ್ಕ್‌ನಲ್ಲಿ ತನ್ನದೇ ಸರಣಿ ಆರಂಭಿಸಿದಳು. ಅಕ್ಟೋಬರ್ 28ರ ಒಂದು ಗಂಟೆಯ ಸಂಚಿಕೆಯಲ್ಲಿ ಅವಳ ಮದುವೆ. ಮೇರಿ, ಲೂ ಗ್ರಾಂಟ್, ಫಿಲಿಸ್ ಮುಂತಾದ ಹಳೆಯ ಬಳಗ ಬ್ರಾಂಕ್ಸ್‌ಗೆ ಬಂದಿಳಿಯಿತು. ಐದು ಕೋಟಿಗೂ ಹೆಚ್ಚು ಜನ ಅದನ್ನು ನೋಡಿದರು. ಮದುಮಗಳನ್ನು ಕರೆತರುವ ಹೊಣೆ ಹೊತ್ತ ಫಿಲಿಸ್ ಅದನ್ನು ಮರೆಯುತ್ತಾಳೆ; ರೋಡಾ ಮದುವೆಯ ಉಡುಪಿನಲ್ಲೇ ಸುರಂಗ ರೈಲು ಹತ್ತಿ ಬೀದಿಗಳಲ್ಲಿ ಓಡಿ ಬರುತ್ತಾಳೆ. ಹಾಸ್ಯ ಹುಟ್ಟುವುದು ಫಿಲಿಸ್‌ಳ ಹಳೆಯ ಗುಣದಿಂದ, ಫಲ ಉಣ್ಣುವವಳು ರೋಡಾ: ಅತಿಥಿ ಪಾತ್ರ ಕಥೆಗೆ ದುಡಿಯಬೇಕಾದ ರೀತಿ ಇದು. ಆದರೆ ಸರಣಿಗೆ ಈ ಗೆಲುವೇ ತೊಡಕಾಯಿತು. ಒಂಟಿತನವನ್ನು ನಗೆಯಾಗಿಸುತ್ತಿದ್ದ ಪಾತ್ರ ಎಂಟನೆಯ ವಾರಕ್ಕೇ ಸಂಸಾರಸ್ಥೆಯಾದಾಗ ಬರಹಗಾರರಿಗೆ ದಾರಿ ಕಿರಿದಾಯಿತು. ಮೂರನೆಯ ವರ್ಷ ದಂಪತಿಯನ್ನು ಬೇರೆ ಮಾಡಲಾಯಿತು.

ಎಂಟಿಎಂನ ಇನ್ನೊಂದು ಪ್ರಯೋಗ ಇನ್ನೂ ಕುತೂಹಲಕರ. ಮೂಲ ಸರಣಿ 1977ರಲ್ಲಿ ಮುಗಿದ ಮೇಲೆ ಲೂ ಗ್ರಾಂಟ್ ಲಾಸ್ ಏಂಜಲೀಸ್‌ನ ಪತ್ರಿಕೆಯೊಂದರ ನಗರ ಸಂಪಾದಕನಾದ. ‘ಲೂ ಗ್ರಾಂಟ್’ ಒಂದು ಗಂಟೆಯ ಗಂಭೀರ ನಾಟಕ. ಸ್ಟುಡಿಯೋ ಪ್ರೇಕ್ಷಕರಿಲ್ಲ, ನಗೆಯ ಸದ್ದಿಲ್ಲ. ಮೇರಿಯಾಗಲಿ ಅವಳ ಸಹೋದ್ಯೋಗಿ ಮರ್ರೆಯಾಗಲಿ ಅಲ್ಲಿಗೆ ಬರಲಿಲ್ಲ. ಹಳೆಯ ನಂಟಿನಿಂದ ಬಂದವಳು ಮೇರಿಯ ಬಂಧು ಫ್ಲೋ, ಸ್ವತಃ ಪತ್ರಕರ್ತೆ. ಪತ್ರಿಕಾಲಯದ ಕಥೆಯೊಳಗೆ ಕೆಲಸವಿರುವ ವ್ಯಕ್ತಿಗೆ ಮಾತ್ರ ಪ್ರವೇಶ ಸಿಕ್ಕಿತೆಂಬುದು ಆ ತಂಡದ ವಿವೇಕಕ್ಕೆ ಸಾಕ್ಷಿ.

ಎಬಿಸಿ ವಾಹಿನಿಗೆ ಸರಣಿ ಕಟ್ಟುತ್ತಿದ್ದ ಗ್ಯಾರಿ ಮಾರ್ಷಲ್ ಅವರದು ಕಾರ್ಖಾನೆಯ ಹುರುಪು. 1950ರ ದಶಕದ ಮಿಲ್ವಾಕಿಯ ಕಥೆಯಾದ ‘ಹ್ಯಾಪಿ ಡೇಸ್’ (1974) ಒಂದೇ ಸಂಚಿಕೆಯಲ್ಲಿ ಪರಿಚಯಿಸಿದ ಇಬ್ಬರು ಗೆಳತಿಯರಿಂದ ‘ಲವರ್ನ್ ಅಂಡ್ ಷರ್ಲಿ’ (1976) ಹುಟ್ಟಿತು. 1977-78ರಲ್ಲಿ ಅದೇ ದೇಶದ ಮೊದಲ ಸ್ಥಾನದ ಸರಣಿ. 1978ರ ಫೆಬ್ರವರಿ 28ರಂದು ರಾಬಿನ್ ವಿಲಿಯಮ್ಸ್ ಅಭಿನಯಿಸಿದ ಮಾರ್ಕ್ ಎಂಬ ಅನ್ಯಗ್ರಹ ಜೀವಿ ‘ಹ್ಯಾಪಿ ಡೇಸ್’ನ ರಿಚಿಯನ್ನು ಹೊತ್ತೊಯ್ಯಲು ಬರುತ್ತಾನೆ. ಅದೆಲ್ಲ ರಿಚಿಯ ಕನಸೆಂದು ಮುಗಿಸಿದ್ದ ಸಂಚಿಕೆಗೆ, ಮಾರ್ಕ್‌ಗೆ ಸ್ವಂತ ಸರಣಿ ಸಿಕ್ಕ ಮೇಲೆ ಬೇರೆ ಮುಕ್ತಾಯ ಸೇರಿಸಲಾಯಿತು: ಅವನು ಎಲ್ಲರ ನೆನಪನ್ನೂ ಅಳಿಸಿ ಭವಿಷ್ಯಕ್ಕೆ ಹೋದ! ‘ಮಾರ್ಕ್ ಅಂಡ್ ಮಿಂಡಿ’ಯ ಮೊದಲ ಸಂಚಿಕೆಯಲ್ಲಿ ‘ಹ್ಯಾಪಿ ಡೇಸ್’ನ ಫಾಂಜಿ ಮತ್ತು ಲವರ್ನ್ ಹಳೆಯ ನೆನಪಿನ ದೃಶ್ಯದಲ್ಲಿ ಮುಖ ತೋರಿಸಿದರು. ಆದರೆ ವಿಲಿಯಮ್ಸ್ ಅವರ ಪ್ರತಿಭೆಗೆ ಈ ಊರುಗೋಲು ಬೇಕಿರಲಿಲ್ಲ. ಜನ ಮುಂದಿನ ವಾರ ಮತ್ತೆ ಬಂದದ್ದು ಅವರಿಗಾಗಿ.

ಪ್ರತಿಭೆ ಇಲ್ಲದ ಕಡೆ ಊರುಗೋಲು ನೆರವಾಗಲಿಲ್ಲವೆಂಬುದಕ್ಕೆ ಎನ್‌ಬಿಸಿ ವಾಹಿನಿಯ ‘ಹಲೋ, ಲ್ಯಾರಿ’ (1979) ನಿದರ್ಶನ. ಸೊರಗುತ್ತಿದ್ದ ಈ ಸರಣಿಯನ್ನು ಉಳಿಸಲು, ಅದರ ನಾಯಕ ‘ಡಿಫರೆಂಟ್ ಸ್ಟ್ರೋಕ್ಸ್’ನ ಶ್ರೀಮಂತ ಡ್ರಮಂಡ್‌ನ ಸೈನ್ಯದ ಗೆಳೆಯನೆಂಬ ನಂಟನ್ನು ಆಮೇಲೆ ಕಲ್ಪಿಸಿ, ಕಥೆಯ ಮೊದಲರ್ಧವನ್ನು ಅಲ್ಲಿಯೂ ಉಳಿದರ್ಧವನ್ನು ಇಲ್ಲಿಯೂ ಇಡಲಾಯಿತು. 1980ರಲ್ಲಿ ಸರಣಿ ನಿಂತಿತು. ಕಥೆಯನ್ನು ಎರಡು ಸರಣಿಗಳಿಗೆ ಹಂಚುವ ಈ ವಿಧಾನಕ್ಕೆ ಇನ್ನೊಂದು ಕೊರತೆಯೂ ಇದೆ. ಮರುಪ್ರಸಾರದ ಹಕ್ಕು ಸರಣಿವಾರು ಮಾರಾಟವಾಗುವುದರಿಂದ ಒಂದು ಕೇಂದ್ರದಲ್ಲಿ ಕಥೆಯ ತಲೆ ಮಾತ್ರ, ಇನ್ನೊಂದರಲ್ಲಿ ಬಾಲ ಮಾತ್ರ ಉಳಿಯುತ್ತದೆ.

1990ರ ದಶಕದ ಎನ್‌ಬಿಸಿ ಈ ಪದ್ಧತಿಯನ್ನು ಇಡೀ ರಾತ್ರಿಗೆ ಹಿಗ್ಗಿಸಿತು. ಸೂಸನ್ ಹ್ಯಾರಿಸ್ ಅವರ ‘ದಿ ಗೋಲ್ಡನ್ ಗರ್ಲ್ಸ್’, ಅದರ ನೆರೆಮನೆಯ ವೈದ್ಯನ ಕಥೆಯಾದ ‘ಎಂಪ್ಟಿ ನೆಸ್ಟ್’, ಅವನ ಆಸ್ಪತ್ರೆಯ ‘ನರ್ಸಸ್’ ಮೂರೂ ಮಿಯಾಮಿಯಲ್ಲಿ ನಡೆಯುವಂಥವು. 1991ರ ನವೆಂಬರ್ 9ರ ಶನಿವಾರ ಒಂದೇ ಚಂಡಮಾರುತ ಮೂರನ್ನೂ ಹಾದುಹೋಯಿತು. ಒಂದೇ ಊರು, ಒಂದೇ ಆಕಾಶವಿದ್ದುದರಿಂದ ಅದು ಒಪ್ಪುವಂತಿತ್ತು. 1994ರ ನವೆಂಬರ್ 3ರಂದು ‘ಮ್ಯಾಡ್ ಅಬೌಟ್ ಯೂ’ದಲ್ಲಿ ಕೇಬಲ್ ಕದಿಯಲು ಹೋದವರಿಂದ ನ್ಯೂಯಾರ್ಕ್‌ನ ವಿದ್ಯುತ್ ಹೋಗುತ್ತದೆ; ‘ಫ್ರೆಂಡ್ಸ್’ ಕೂಡ ಕತ್ತಲಲ್ಲಿ ನಡೆಯುತ್ತದೆ. ಆ ರಾತ್ರಿಯ ‘ಸೈನ್‌ಫೆಲ್ಡ್’ ಇದರಲ್ಲಿ ಪಾಲುಗೊಳ್ಳಲಿಲ್ಲ. ‘ಫ್ರೆಂಡ್ಸ್’ನ ಸಂಚಿಕೆ ಇಂದಿಗೂ ನೆನಪಿನಲ್ಲಿರುವುದು ಎಟಿಎಂ ಕೋಣೆಯಲ್ಲಿ ಸಿಕ್ಕಿಬಿದ್ದ ಚಾಂಡ್ಲರ್‌ನಿಂದ. ಬಿರುಗಾಳಿ, ಕತ್ತಲು ಪಾತ್ರಗಳಲ್ಲ, ಹಿನ್ನೆಲೆ; ಅವುಗಳಿಗೆ ಬಾಕಿ ಲೆಕ್ಕವಿಲ್ಲ.

ಬಾಕಿ ಲೆಕ್ಕವನ್ನೇ ಕಥೆಯಾಗಿಸಿದ್ದು ‘ಫ್ರೇಜರ್’ (1993–2004). ಬಾಸ್ಟನ್‌ನ ಬಾರ್‌ವೊಂದರ ಕಥೆಯಾದ ‘ಚಿಯರ್ಸ್’ (1982–1993) ಮುಗಿದ ಕೆಲವೇ ತಿಂಗಳಲ್ಲಿ ಅದರ ಮನೋವೈದ್ಯ ಫ್ರೇಜರ್ ಕ್ರೇನ್ ದೇಶದ ಇನ್ನೊಂದು ತುದಿಯ ಸಿಯಾಟಲ್‌ಗೆ ಬಂದ. ಹಳೆಯ ಬಳಗ ಪದೇಪದೇ ಬರದಿರಲೆಂದೇ ತಯಾರಕರು ಈ ದೂರವನ್ನು ಆರಿಸಿಕೊಂಡಿದ್ದರು. ಮೊದಲ ವರ್ಷ ಬಂದವಳು ವಿಚ್ಛೇದಿತ ಪತ್ನಿ ಲಿಲಿತ್ ಒಬ್ಬಳೇ. 1995ರ ಫೆಬ್ರವರಿಯಲ್ಲಿ ಹಳೆಯ ಬಳಗದ ಸ್ಯಾಮ್ ಮಲೋನ್ ಬಂದಾಗ ಹಳೆಯ ತಾಳತಪ್ಪಿದ ವಿವರವೊಂದು ಎದುರಾಗುತ್ತದೆ. ತನ್ನ ತಂದೆ ವಿಜ್ಞಾನಿ, ತೀರಿಕೊಂಡಿದ್ದಾನೆ ಎಂದು ಫ್ರೇಜರ್ ‘ಚಿಯರ್ಸ್’ನಲ್ಲಿ ಹೇಳಿದ್ದ. ಇಲ್ಲಿ ನೋಡಿದರೆ ಆ ತಂದೆ, ನಿವೃತ್ತ ಪೊಲೀಸ್ ಮಾರ್ಟಿನ್, ಅದೇ ಕೋಣೆಯಲ್ಲಿ ಕುಳಿತಿದ್ದಾನೆ. ಬರಹಗಾರರು ಅದನ್ನು ಮುಚ್ಚಿಡಲಿಲ್ಲ. ಆಗ ಅಪ್ಪನೊಂದಿಗೆ ಜಗಳವಾಗಿತ್ತು, ಸಿಟ್ಟಿನಲ್ಲಿ ಹಾಗೆ ಹೇಳಿದ್ದೆ ಎಂದು ಮಗನಿಂದಲೇ ಹೇಳಿಸಿದರು. ತಂದೆ-ಮಗನ ನಡುವಿನ ಬಿರುಕೇ ಈ ಸರಣಿಯ ಜೀವಾಳ. ಮೂಲ ಸರಣಿಯ ಸಣ್ಣ ತಪ್ಪು ಹೀಗೆ ಕವಲಿನ ಮುಖ್ಯ ವಸ್ತುವಿಗೆ ಪುರಾವೆಯಾಯಿತು.

ಮರುವರ್ಷ ಫೆಬ್ರವರಿಯಲ್ಲಿ ‘ಚಿಯರ್ಸ್’ನ ಡಯಾನ್ ಬಂದ ಸಂಚಿಕೆ ಈ ಪರಂಪರೆಯ ಶಿಖರ. ಫ್ರೇಜರ್‌ನನ್ನು ಮದುವೆಯ ಹೊಸ್ತಿಲಲ್ಲಿ ಕೈಬಿಟ್ಟಿದ್ದ ಅವಳು ಈಗ ನಾಟಕಕಾರ್ತಿ. ಅವಳ ನಾಟಕದ ತಾಲೀಮಿನಲ್ಲಿ ರಂಗದ ಮೇಲಿರುವುದು ‘ಚಿಯರ್ಸ್’ ಬಾರ್‌ನ ನಕಲು. ಅಲ್ಲಿ ಎಲ್ಲರೂ ಅವಳನ್ನು ಕೊಂಡಾಡುತ್ತಾರೆ. ಫ್ರೇಜರ್‌ನ ಪಾತ್ರಧಾರಿ ತನ್ನ ಪಾತ್ರಕ್ಕೆ ಏನನಿಸುತ್ತದೆಂದು ಕೇಳಿದಾಗ, ಹತ್ತು ವರ್ಷ ಅದುಮಿಟ್ಟ ಸಿಟ್ಟು ಫ್ರೇಜರ್‌ನ ಬಾಯಿಂದ ಒಡೆದು ಬರುತ್ತದೆ. ವೀಕ್ಷಕರ ಹಳೆಯ ಮೋಹವನ್ನು ಈ ಸಂಚಿಕೆ ತಣಿಸುತ್ತಲೇ ಅದನ್ನು ಪರೀಕ್ಷೆಗೂ ಒಡ್ಡುತ್ತದೆ: ನೆನಪಿನಲ್ಲಿ ಹೊಳೆಯುವ ಬಾರ್ ಯಾರ ನೋಟದ್ದು, ಅಲ್ಲಿ ನೊಂದವರ ಲೆಕ್ಕ ಎಲ್ಲಿ? ‘ಚಿಯರ್ಸ್’ ನೋಡದವರಿಗೂ ಕಥೆ ಪೂರ್ಣ. ನೋಡಿದವರಿಗೆ ಹೆಚ್ಚು ಆಳ. 2002ರಲ್ಲಿ ಫ್ರೇಜರ್ ಬಾಸ್ಟನ್‌ಗೆ ಹೋಗಿ ಹಳೆಯ ಬಳಗದ ಕ್ಲಿಫ್‌ನ ವಿದಾಯಕೂಟದಲ್ಲಿ ಸೇರುವ ಸಂಚಿಕೆ ಸೌಮ್ಯವಾದದ್ದು, ಆದರೆ ಅಷ್ಟು ಮೊನಚಿಲ್ಲ. ಅಲ್ಲಿ ಅವನಿಗೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ.

ಈ ಶತಮಾನದಲ್ಲಿ ಪದ್ಧತಿ ತೆಳುವಾಗಿದೆ. ‘ಫ್ರೆಂಡ್ಸ್’ನಿಂದ ಹೊರಟ ‘ಜೋಯಿ’ (2004–06) ಉಳಿದ ಐವರಲ್ಲಿ ಯಾರನ್ನೂ ಪಾತ್ರವಾಗಿ ಕರೆತರದೆ ಎರಡೇ ವರ್ಷಕ್ಕೆ ಮುಗಿಯಿತು. ಹತ್ತು ವರ್ಷ ಒಟ್ಟಿಗಿದ್ದ ಗೆಳೆಯರ ಈ ಗೈರು ‘ಗುಡ್ ಟೈಮ್ಸ್’ನ ಮರೆವಿನಂತೆ ಅರ್ಥಪೂರ್ಣವಾಗಲಿಲ್ಲ. ‘ದಿ ಬಿಗ್ ಬ್ಯಾಂಗ್ ಥಿಯರಿ’ ಮತ್ತು ಅದರ ನಾಯಕನ ಬಾಲ್ಯದ ಕಥೆಯಾದ ‘ಯಂಗ್ ಷೆಲ್ಡನ್’ (2017–24) ಭಿನ್ನ ಕಾಲಕ್ಕೆ ಸೇರಿದವು, ಚಿತ್ರೀಕರಣದ ಶೈಲಿಯೂ ಬೇರೆ. 2018ರ ಡಿಸೆಂಬರ್‌ನ ಸಂಚಿಕೆಯೊಂದರಲ್ಲಿ ಹಳೆಯ ವಿಎಚ್‌ಎಸ್ ಟೇಪಿನ ಮೂಲಕ ಅವು ಸಂಧಿಸಿದವು. ವಯಸ್ಕ ಷೆಲ್ಡನ್ ಅಷ್ಟು ವರ್ಷ ಹೀಗಳೆದ ತಂದೆ ಆ ಟೇಪಿನಲ್ಲಿ ಸೋತ ತಂಡಕ್ಕೆ ಧೈರ್ಯ ತುಂಬುವ ಒಳ್ಳೆಯ ಮನುಷ್ಯ. ಮಗ ಹೇಳಿದ ಅಪ್ಪನೇ ಬೇರೆ, ಇದ್ದ ಅಪ್ಪನೇ ಬೇರೆ ಎಂಬ ‘ಫ್ರೇಜರ್’ನ ಶೋಧ ಇಲ್ಲಿ ಇನ್ನೊಂದು ಬಗೆಯಲ್ಲಿ ಮರುಕಳಿಸಿದೆ.

ಒಟ್ಟಾರೆ ಈ ಪರಂಪರೆಯಲ್ಲಿ ಉಳಿದು ಬಾಳುವ ಕೃತಿಗಳು ಬೆರಳೆಣಿಕೆಯವು. ಅವುಗಳಲ್ಲಿ ಮೂರು ಗುಣ ಸಮಾನ: ಕಥೆ ಒಂದೇ ಸಂಚಿಕೆಯೊಳಗೆ ಪೂರ್ಣವಾಗುತ್ತದೆ, ಬಂದ ಪಾತ್ರಕ್ಕೆ ಬರಲೇಬೇಕಾದ ಕಾರಣವಿರುತ್ತದೆ, ಆ ಭೇಟಿಯಿಂದ ಬದಲಾಗುವುದು ಆತಿಥೇಯ ಸರಣಿಯ ಪಾತ್ರ. ಪರಿಚಿತ ಮುಖ ಬಾಗಿಲಲ್ಲಿ ಕಂಡೊಡನೆ ಸ್ಟುಡಿಯೋದ ಪ್ರೇಕ್ಷಕರು ಹೊಡೆಯುವ ದೀರ್ಘ ಚಪ್ಪಾಳೆ ಹಲವು ಕ್ರಾಸ್‌ಓವರ್‌ಗಳಿಗೆ ಸಿಕ್ಕಿದೆ. ಚಪ್ಪಾಳೆ ನಿಂತ ಮೇಲೆ ಆಡಲು ಮಾತಿದ್ದ ಸಂಚಿಕೆಗಳು ಮಾತ್ರ ಜಾಹೀರಾತಿನ ಲೆಕ್ಕವನ್ನು ಮೀರಿ ಹಾಸ್ಯನಾಟಕಗಳಾಗಿ ನಿಂತಿವೆ.